ವರ್ಕಿ ಒಲೆಯ ಬೆನ್ನಿಗಿದ್ದ ಕೋಣೆ

ಆ ಮುಂಗಾರಿನಲ್ಲಿ ಖಾಲಿ ಕೋಣೆಗಳ ನೆಲದ ಮೇಲೆ ಅಂಗಾತ ಮಲಗುವುದೇ ನನ್ನ ಕೆಲಸವಾಗಿತ್ತು. ಹೀಗೆಂದರೆ ಜನ ನಗುತ್ತಾರೆ. ಆದರೆ ಮೂರು ವರ್ಷದ ಮಗುವಿಗೆ ಒಂದು ಕೋಣೆ ಹೇಗೆ ಕಾಣುತ್ತದೆಂದು ತಿಳಿಯಲು ನನಗೆ ಬೇರೆ ದಾರಿ ಹೊಳೆದಿರಲಿಲ್ಲ. ನೆಲದ ಚಳಿ ಬೆನ್ನಿಗೆ ಎಷ್ಟು ಬೇಗ ಹತ್ತುತ್ತದೆ, ಕಿಟಕಿಯಲ್ಲಿ ಆಕಾಶ ಕಾಣುತ್ತದೋ ಬರಿಯ ಗೋಡೆಯೋ, ಬಾಗಿಲ ಸಂದಿಯ ಗಾಳಿ ಕಿವಿಗೆ ಬೀಸುತ್ತದೋ ಇಲ್ಲವೋ, ಎಲ್ಲ ಮಲಗಿದರೆ ಗೊತ್ತಾಗುತ್ತದೆ. ಆಮೇಲೆ ಎದ್ದು ಊದುಬತ್ತಿ ಹಚ್ಚಿ ಮೂಲೆ ಮೂಲೆಗೂ ಹಿಡಿಯುತ್ತಿದ್ದೆ. ಹೊಗೆ ನೆಟ್ಟಗೆ ಏರಿದರೆ ಸರಿ, ಓರೆಯಾದರೆ ಎಲ್ಲೋ ಗಾಳಿ ಕಳ್ಳದಾರಿಯಲ್ಲಿ ನುಗ್ಗುತ್ತಿದೆ ಎಂದರ್ಥ. ಊದುಬತ್ತಿ ಹಿಡಿದು ಖಾಲಿ ಕೋಣೆಯೊಳಗೆ ಸುತ್ತುವ ಹೆಂಗಸನ್ನು ಕಂಡು ನೀಲಗಿರಿಯ ಎಮರಾಲ್ಡಿನ ಕಡೆಯ ಒಂದೆರಡು ಊರುಗಳಲ್ಲಿ ನಾನು ಮಾಟ ತೆಗೆಯುವವಳೆಂದೇ ಮಾತಾಗಿತ್ತಂತೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನಿದ್ದ ಸಂಸ್ಥೆ ಚಿಕ್ಕದು, ಉದಕಮಂಡಲದಲ್ಲಿ ಒಂದು ಬಾಡಿಗೆ ಕೋಣೆ, ಒಂದು ಟೈಪ್‌ರೈಟರು. ಟೀ ಎಲೆ ಕೀಳುವ, ಕ್ಯಾರೆಟ್ ಅಗೆಯುವ ತಾಯಂದಿರ ಪುಟ್ಟ ಮಕ್ಕಳಿಗೆ ಮಳೆಗಾಲದಲ್ಲಿ ಒಳಗೆ ಆಡಲು ಜಾಗ ಹುಡುಕಿ ಕೊಡಬೇಕೆಂದು ನನ್ನನ್ನು ಕಳಿಸಿದ್ದರು. ಬಿಸಿಲುಗಾಲದಲ್ಲಿ ಮಕ್ಕಳು ಬದುವಿನ ಮೇಲೆ, ಗಿಡಗಳ ಸಾಲಿನ ನಡುವೆ, ಎಲ್ಲೆಂದರಲ್ಲಿ ಆಡಿಕೊಂಡಿರುತ್ತವೆ. ಮಳೆ ಹಿಡಿದು ಮಂಜು ಕೂತಿತೆಂದರೆ ಎದುರು ಮನೆಯೂ ಕಾಣುವುದಿಲ್ಲ. ಆಗ ತಾಯಂದಿರು ಕೂಸುಗಳನ್ನು ಮನೆಯೊಳಗೆ ಬಿಟ್ಟು, ಇದ್ದಿಲ ಅಗ್ಗಿಷ್ಟಿಕೆಯೊಂದನ್ನು ನಡುವೆ ಇಟ್ಟು, ಹೊರಗಿನಿಂದ ಚಿಲಕ ಹಾಕಿಕೊಂಡು ಎಲೆಗೆ ಹೋಗುವುದು ಅಲ್ಲಿಯ ರೂಢಿ. ಚಳಿಗೆ ಬೇರೆ ಉಪಾಯವಿರಲಿಲ್ಲ.

ಹಿಂದಿನ ಮಳೆಗಾಲದಲ್ಲಿ ಅಂಥ ಒಂದು ಅಗ್ಗಿಷ್ಟಿಕೆಯ ಮೇಲೆ ಒಂದು ಮಗು ಬಿದ್ದಿತ್ತು. ಹೆಣ್ಣುಮಗು. ನಾನು ನೋಡುವಾಗ ಅದಕ್ಕೆ ಮೂರು ತುಂಬಿತ್ತು. ಎಡಗೈ ಮೊಣಕೈವರೆಗೆ ಚರ್ಮ ಸುಕ್ಕುಗಟ್ಟಿತ್ತು. ಹಟ್ಟಿಯ ಹೆಂಗಸರನ್ನು ಸೇರಿಸಿ ನಾನು ಗೋಡೆಯ ಬಣ್ಣ, ಆಟದ ಸಾಮಾನು ಎಂದೆಲ್ಲ ಉತ್ಸಾಹದಿಂದ ಮಾತಾಡುತ್ತಿದ್ದಾಗ ಆ ಮಗುವಿನ ತಾಯಿ ಹಿಂದಿನ ಸಾಲಿನಿಂದ ಎದ್ದಳು. ತಲೆಗೆ ಬಿಳಿ ಬಟ್ಟೆ ಬಿಗಿದ ಬೆಟ್ಟದ ಬಡಗ ಜನಾಂಗದ ಹೆಂಗಸು. ಮಗು ಅವಳ ಹೊದಿಕೆಯೊಳಗಿತ್ತು.

"ಅಕ್ಕ, ಬಣ್ಣ ಎಲ್ಲ ಬೇಡ. ಬೆಂಕಿ ಇಲ್ಲಾದ ಬೆಚ್ಚನೆ ಮನೆ ಒಂದ ನೋಡಿಕೊಡು. ಅದು ಸಿಕ್ಕಾದೆ ಎನ್ನ ಕೂಸ ಬುಟ್ಟು ನಾ ಎಲೆಗೆ ಹೋಗೆ."

ಆಕೆ ವರ್ಷದಿಂದ ಎಲೆಗೆ ಹೋಗಿರಲಿಲ್ಲ. ಈ ಮಳೆಗೂ ಬಾರದಿದ್ದರೆ ಹೆಸರು ತೆಗೆದು ಬೇರೆಯವರನ್ನು ಸೇರಿಸಿಕೊಳ್ಳುತ್ತೇನೆಂದು ಎಸ್ಟೇಟಿನ ಮೇಸ್ತ್ರಿ ಹೇಳಿ ಕಳಿಸಿದ್ದ. ಇನ್ನೊಂದು ಸಂಗತಿಯನ್ನು ಪಕ್ಕದವಳು ಹೇಳಿದಳು. ಸುಟ್ಟಂದಿನಿಂದ ಆ ಮಗು ಬೆಚ್ಚಗಿರುವ ಯಾವುದರ ಹತ್ತಿರವೂ ಹೋಗುವುದಿಲ್ಲ. ಅಡುಗೆ ಒಲೆ ಉರಿಯುತ್ತಿದ್ದರೆ ಅಂಗಳಕ್ಕೆ ಓಡುತ್ತದೆ, ಬಿಸಿನೀರಿನ ಚೊಂಬು ಕಂಡರೆ ಕಿರುಚುತ್ತದೆ. ಅನ್ನವನ್ನೂ ಆರಿಸಿಯೇ ಕೊಡಬೇಕು. ಬೆಂಕಿಯಿಲ್ಲದ ಬೆಚ್ಚನೆಯ ಕೋಣೆ ಸಿಕ್ಕರೂ ಆ ಕೂಸು ಒಳಗೆ ಬರಬೇಕಲ್ಲ.

ಮೊದಲು ಸಿಕ್ಕಿದ್ದು ವಿದ್ಯುತ್ ಮಂಡಳಿಯವರ ಕ್ಯಾಂಪಿನ ಹಳೆಯ ಕ್ಲಬ್ಬು. ದೊಡ್ಡ ಹಾಲು, ಎತ್ತರದ ಕಿಟಕಿಗಳು, ನೆಲದ ಮೇಲೆ ಬ್ಯಾಡ್ಮಿಂಟನ್ ಅಂಕಣದ ಬಿಳಿ ಗೆರೆಗಳು. ಮಂಜು ಕಿಟಕಿಯವರೆಗೆ ಬಂದು ನಿಂತಿದ್ದಾಗ ಒಳಗೆ ಹಾಲಿನ ಬಣ್ಣದ ಬೆಳಕು ತುಂಬಿತ್ತು. ನನಗಂತೂ ಅದನ್ನು ಕಂಡೊಡನೆ ಮನಸ್ಸು ಸೋತುಹೋಯಿತು. ಅಂದೇ ಮಕ್ಕಳನ್ನು ಕರೆತಂದೆವು. ಓಡಿ ಕುಣಿಯುತ್ತವೆ ಎಂದುಕೊಂಡರೆ ಒಂದೂ ಹಾಲಿನ ನಡುವಿಗೆ ಬರಲಿಲ್ಲ. ಎಲ್ಲವೂ ಒಂದೇ ಮೂಲೆಯಲ್ಲಿ, ಕಂಬಳಿಯ ಗಂಟಿನ ಹಾಗೆ, ಒಂದಕ್ಕೊಂದು ಅಂಟಿಕೊಂಡು ಕೂತವು. ಒಂದು ಮಗು ಕೆಮ್ಮಿದರೆ ಆ ಕೆಮ್ಮು ಮಾಳಿಗೆಗೆ ಹೋಗಿ ಮತ್ತೆ ಬರುತ್ತಿತ್ತು, ಅದಕ್ಕೆ ಹೆದರಿ ಇನ್ನೊಂದು ಅಳುತ್ತಿತ್ತು. ಸಿಮೆಂಟಿನ ನೆಲಕ್ಕೆ ಎಷ್ಟು ಚಾಪೆ ಹಾಸಿದರೂ ಚಳಿ ಮೇಲೆ ಬಂತು. ಆ ದಿನವೇ ಬೀಗದ ಕೈ ವಾಪಸು ಕೊಟ್ಟೆ.

ಎರಡನೆಯದು ಹೂವು ಬೆಳೆಯುವವರ ಪ್ಲಾಸ್ಟಿಕ್ ಹೊದಿಕೆಯ ಮನೆ. ಅರ್ಧ ಭಾಗ ಖಾಲಿ ಬಿದ್ದಿದೆ, ಬೇಕಾದರೆ ತೆಗೆದುಕೊಳ್ಳಿ ಎಂದರು. ಒಳಗೆ ಮಲಗಿ ಮೇಲೆ ನೋಡಿದೆ. ಪ್ಲಾಸ್ಟಿಕ್ಕಿನ ಮೇಲೆ ಮಳೆನೀರು ಹರಿದು ಆಕಾಶವೇ ನಿಧಾನವಾಗಿ ಜಾರುತ್ತಿರುವಂತೆ ಕಾಣುತ್ತಿತ್ತು. ಎಷ್ಟು ಹೊತ್ತು ಹಾಗೇ ಇದ್ದೆನೋ ತಿಳಿಯದು. ಬೆನ್ನಿಗೆ ಡಬ್ಬ ಕಟ್ಟಿಕೊಂಡು ಔಷಧಿ ಹೊಡೆಯುವವನು ಬಂದು "ಮೇಡಂ, ಎದ್ದೇಳಿ, ಸ್ಪ್ರೇ ಟೈಮು" ಎಂದಾಗಲೇ ಎಚ್ಚರವಾದದ್ದು. ಆ ವಾಸನೆ ಸಂಜೆವರೆಗೂ ಗಂಟಲಲ್ಲಿತ್ತು.

ಮೂರನೆಯದು ಒಂದು ಟೀ ಫ್ಯಾಕ್ಟರಿಯ ಮಹಡಿ. ಹಿಂದೆ ಹಸಿ ಎಲೆ ಬಾಡಿಸಲು ಗೋಣಿಬಟ್ಟೆಯ ಅಂತಸ್ತುಗಳನ್ನು ಕಟ್ಟಿದ್ದ ಮರದ ಹಲಗೆಯ ಮಹಡಿ. ಈಗ ಎಲೆಯನ್ನು ಕೆಳಗೇ ಬಾಡಿಸುವುದರಿಂದ ಮೇಲೆ ಖಾಲಿ. ಕೆಳಗಿನ ಡ್ರೈಯರಿನ ಕಾವು ಹಲಗೆಯ ಸಂದಿಯಿಂದ ಬರುತ್ತಿತ್ತು, ಜೊತೆಗೆ ಬಾಡಿದ ಎಲೆಯ ಸೇಬಿನಂಥ ಪರಿಮಳ. ನಾನು ಅಲ್ಲಿ ಮಲಗಿದ್ದೇ ತಡ, ನಿದ್ದೆ ಹತ್ತಿತು. ಕನಸಿನಲ್ಲಿ ಹಲಗೆಯ ಮೇಲೆ ಪುಟ್ಟ ಪಾದಗಳ ಸದ್ದು ಕೇಳಿದ್ದು ಈಗಲೂ ನೆನಪಿದೆ. ಎಬ್ಬಿಸಿದವರು ಫ್ಯಾಕ್ಟರಿಯ ಆಫೀಸರು. "ವೇಂಡಾಂ, ಬೇಡ ಮೇಡಂ. ಓಡೋ ಮಿಷಿನ್ ಮೇಲೆ ಮಕ್ಕಳನ್ನ ಇಡೋಕೆ ಯಾವ ಕಾನೂನೂ ಒಪ್ಪಲ್ಲ, ನಾನೂ ಒಪ್ಪಲ್ಲ" ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೂ ಮೆಟ್ಟಿಲಿಳಿಯುವಾಗ ನನಗೆ ಅಳು ಬಂತು.

ಕಣ್ಣು ಒರೆಸಿಕೊಂಡು ಹಟ್ಟಿಯ ಹತ್ತಿರದ ಬಜಾರಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಮಳೆ ಅಡ್ಡಡ್ಡ ಬೀಸತೊಡಗಿತು. ಬೇಕರಿಯೊಂದರ ಪಕ್ಕದ ಓಣಿಯಲ್ಲಿ ಸೂರಿನಡಿ ಸರಿದು ಗೋಡೆಗೆ ಒರಗಿದೆ. ಗೋಡೆ ಬೆಚ್ಚಗಿತ್ತು. ಒದ್ದೆ ಸೀರೆಯ ಮೂಲಕ ಆ ಬಿಸುಪು ಬೆನ್ನಿಗೆ ಇಳಿಯಿತು. ತಿರುಗಿ ಎರಡೂ ಅಂಗೈ ಊರಿದೆ, ಕೆನ್ನೆ ಇಟ್ಟೆ. ಸುಡುವುದಿಲ್ಲ, ತಣ್ಣಗೂ ಇಲ್ಲ.

"ಯಾಕಮ್ಮಾ ಗೋಡೆ ತಬ್ಕೊಂಡ್ ನಿಂತಿದ್ದೀರಿ? ನಮ್ ಗೋಡೆ ಎಲ್ಲೂ ಓಡೋಗಲ್ಲ ಬುಡಿ" ಎಂದು ಒಳಗಿನಿಂದ ದನಿ ಬಂತು. ಬೇಕರಿಯ ಯಜಮಾನರು. ಮೈಸೂರು ಕಡೆಯಿಂದ ಬಂದು ಅಲ್ಲೇ ನೆಲೆಯೂರಿದವರು. ನನ್ನ ತಂದೆಯ ಊರು ಗುಂಡ್ಲುಪೇಟೆಯ ಹತ್ತಿರವೆಂದು ತಿಳಿದ ಮೇಲೆ ಟೀ ಬಂತು, ಟೀಯ ಜೊತೆ ವರ್ಕಿ ಬಂತು. ನೀಲಗಿರಿಯಲ್ಲಿ ವರ್ಕಿ ಇಲ್ಲದೆ ಟೀ ಇಳಿಯುವುದಿಲ್ಲ. ಹಲ್ಲಿಗೆ ಸಿಕ್ಕರೆ ಪದರ ಪದರವಾಗಿ ಉದುರುವ ಗರಿಗರಿ ತಿಂಡಿ.

ಅವರ ಒಲೆ ಇಟ್ಟಿಗೆ, ಮಣ್ಣಿನ ಗುಮ್ಮಟ. ಸಂಜೆ ಒಳಗೆ ಸೌದೆ ಉರಿಸಿ, ಗುಮ್ಮಟ ಕಾದ ಮೇಲೆ ಕೆಂಡವನ್ನೆಲ್ಲ ಎಳೆದು ಹಾಕಿ, ವರ್ಕಿಯ ತಗಡುಗಳನ್ನು ಒಳಗಿಟ್ಟು ಬಾಯಿ ಮುಚ್ಚುತ್ತಾರೆ. ಬೆಳಗಾಗುವಾಗ ವರ್ಕಿ ಹೊರಗೆ. ಅಲ್ಲಿಂದ ಸಂಜೆವರೆಗೆ ಒಲೆಯಲ್ಲಿ ಬೆಂಕಿಯೇ ಇಲ್ಲ, ಆದರೆ ಇಡೀ ಹಗಲು ಅದರ ಬೆನ್ನಿನ ಗೋಡೆ ಕಾವು ಬಿಡುತ್ತಲೇ ಇರುತ್ತದೆ. ಆ ಬೆನ್ನಿಗೊಂದು ಕೋಣೆ. ಮರದ ನೆಲ, ಓಣಿಯ ಕಡೆಗೊಂದು ಬಾಗಿಲು, ಮೇಲೆ ಗಾಜಿನ ಹೆಂಚು. ನಾನು ಕೇಳಿಯೂ ಕೇಳದೆ ಒಳಗೆ ಹೋಗಿ ಮಲಗಿಬಿಟ್ಟೆ. ಯಜಮಾನರು "ಅಯ್ಯಯ್ಯೋ, ಏನಾಯ್ತು ಇವರ್ಗೆ" ಎಂದು ಹೆಂಡತಿಯನ್ನು ಕೂಗಿದರು.

ಒಂದೇ ತೊಡಕು. ಆ ಕೋಣೆಯಲ್ಲಿ ಒಂದು ಉದ್ದನೆಯ ಮರದ ತೊಟ್ಟಿ ಇತ್ತು, ತೊಟ್ಟಿಯ ತುಂಬ ಹಿಟ್ಟು. ಹಿಂದಿನ ದಿನದ ಹುಳಿಹಿಟ್ಟಿನ ಉಂಡೆ ಸೇರಿಸಿ ಬೆಳಿಗ್ಗೆ ಕಲಸಿದ ಹಿಟ್ಟು ಸಂಜೆಯವರೆಗೆ ಅಲ್ಲಿಯೇ ಕಾವಿನಲ್ಲಿ ಉಬ್ಬಬೇಕು. ಮಕ್ಕಳಿಗೆ ಜಾಗ ಬೇಕಾದ ಹೊತ್ತೂ ಅದೇ.

"ನಾನು ಹಿಟ್ಟು ನೋಡ್ಕಳ್ಳದಾ, ನಿಮ್ ಮಕ್ಳ ನೋಡ್ಕಳ್ಳದಾ?" ಎಂದರು ಯಜಮಾನರು. ಅವರ ಹೆಂಡತಿ ಬಾಗಿಲಲ್ಲಿ ನಿಂತು, "ಹಿಟ್ಟೇನ್ ಎದ್ದು ಓಡ್ತದಾ ನೋಡ್ಕಳ್ಳಕೆ? ಕೊಡಿ ಅತ್ಲಾಗೆ. ಮನೇಲಿ ಮಕ್ಳ ಸದ್ದು ಕೇಳಿ ಎಷ್ಟು ಕಾಲ ಆಯ್ತು" ಎಂದರು. ಅವರ ಮಕ್ಕಳೆಲ್ಲ ಬೆಳೆದು ಕೊಯಮತ್ತೂರು ಸೇರಿದ್ದರು. ಯಜಮಾನರು ಗೊಣಗುತ್ತಲೇ ಒಪ್ಪಿದರು.

ಕೋಣೆ ಸಿದ್ಧಪಡಿಸಲು ಒಂದು ವಾರ ಹಿಡಿಯಿತು. ತೊಟ್ಟಿಗೆ ಹಲಗೆಯ ಮುಚ್ಚಳ ಮಾಡಿಸಿ, ಅದರ ಮುಂದೆ ಮಕ್ಕಳ ಕೈಗೆಟುಕದಂತೆ ಬಿದಿರಿನ ತಟ್ಟಿ ಕಟ್ಟಿಸಿದೆ. ಒಲೆಯ ಗೋಡೆಯ ಬಿರುಕುಗಳಿಗೆ ಮಣ್ಣು ಮೆತ್ತಿ, ಒಲೆ ಉರಿಯುವಾಗ ಈಚೆ ಹೊಗೆ ಬರುತ್ತದೆಯೇ ಎಂದು ಮೂಸಿ ನೋಡಿದೆ. ಬೆಳಿಗ್ಗೆ ಮಕ್ಕಳು ಬರುವ ಹೊತ್ತಿಗೆ ಗೋಡೆಯ ಕೆಳಗಿನಿಂದ ಮೇಲಿನವರೆಗೆ ನನ್ನ ಕೆನ್ನೆ ಇಟ್ಟು ಪರೀಕ್ಷೆ ಮಾಡಿದೆ. ಎಲೆಯ ತೂಕದ ಷೆಡ್ಡು ರಸ್ತೆಯಾಚೆಗೇ ಇತ್ತು. ಹಟ್ಟಿಯ ಒಬ್ಬ ಅಜ್ಜಿ ಮಕ್ಕಳನ್ನು ನೋಡಿಕೊಳ್ಳಲು ಬಂದರು.

ಮಕ್ಕಳು ಬಂದವು. ಗೋಡೆಯ ಬಿಸುಪು ಕಂಡುಹಿಡಿಯಲು ಅವಕ್ಕೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಬೆನ್ನು ಉಜ್ಜಿದವು, ಹೊಟ್ಟೆ ಉಜ್ಜಿದವು, ಆಮೇಲೆ ಕಂಬಳಿ ಕಿತ್ತೊಗೆದು ಓಡತೊಡಗಿದವು. ಗಾಜಿನ ಹೆಂಚಿನಿಂದ ಇಳಿದ ಬೆಳಕಿನಲ್ಲಿ ಹಿಟ್ಟಿನ ಪುಡಿ ತೇಲುತ್ತಿತ್ತು. ಹೊರಗೆ ಮಳೆ, ಒಳಗೆ ಹುಳಿಹಿಟ್ಟಿನ ವಾಸನೆ. ನಾನು ಅದನ್ನೆಲ್ಲ ನೋಡುತ್ತ ಕಣ್ಣು ಬಿಟ್ಟುಕೊಂಡೇ ಕನಸು ಕಾಣುತ್ತಿದ್ದೆ.

ಸುಟ್ಟ ಕೈಯ ಮಗು ಮಾತ್ರ ಓಣಿಯ ಬಾಗಿಲನ್ನು ಬಿಟ್ಟು ಕದಲಲಿಲ್ಲ. ಆ ಕೋಣೆಯಲ್ಲಿ ಅತ್ಯಂತ ತಣ್ಣಗಿದ್ದ ಜಾಗ ಅದು. ಬಾಗಿಲಿನ ಸಂದಿಯ ಗಾಳಿಗೆ ಮುಖ ಕೊಟ್ಟು, ಒಲೆಯ ಗೋಡೆಯತ್ತ ಬೆನ್ನು ತಿರುಗಿಸಿ ಕೂತಿರುತ್ತಿತ್ತು. ತಾಯಿ ಅದರ ಪಕ್ಕದಲ್ಲೇ ಕೂರುತ್ತಿದ್ದಳು. ದಿನಾ ಎಲೆಯ ಬುಟ್ಟಿ ಹಾಕಿಕೊಂಡೇ ಬರುವಳು, ಹೋಗಲಾಗದೆ ಬುಟ್ಟಿ ಇಳಿಸಿ ಅಲ್ಲೇ ಕೂರುವಳು. ಮೇಸ್ತ್ರಿ ಎರಡು ಸಲ ಬಂದು ನೋಡಿ ಹೋದ.

ಅಷ್ಟರಲ್ಲಿ ಹಿಟ್ಟು ಕೆಟ್ಟಿತು. ಒಂದು ದಿನ ಉಬ್ಬಲೇ ಇಲ್ಲ, ಇನ್ನೊಂದು ದಿನ ಉಬ್ಬಿ ಕುಸಿಯಿತು. ಆ ವರ್ಕಿ ಕಲ್ಲಾಗಿತ್ತು. ಟೀ ಅಂಗಡಿಯವರು ಚೀಲಸಮೇತ ವಾಪಸು ತಂದರು. ಒಬ್ಬರಂತೂ ಇದರಲ್ಲಿ ಪಾಯ ಹಾಕಬಹುದು ಎಂದು ಹಾಸ್ಯ ಮಾಡಿದರು. ಯಜಮಾನರ ಮುಖ ಕಪ್ಪಿಟ್ಟಿತು. ಮಕ್ಕಳ ದೃಷ್ಟಿ ತಾಕಿದೆ ಎಂದು ತೊಟ್ಟಿಯ ಮೇಲೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ಅದಕ್ಕೂ ಜಗ್ಗದಿದ್ದಾಗ ಗಲಾಟೆಗೆ ಹಿಟ್ಟು ಬೆಚ್ಚಿಬೀಳುತ್ತಿದೆ ಎಂದರು. "ಈ ವಾರ ನೋಡ್ತೀನಿ. ಆಮೇಲೆ ಜಾಗ ಖಾಲಿ ಮಾಡ್ಕೊಡಿ ಕಣಮ್ಮಾ. ಒಲೇನೇ ನನ್ ಅನ್ನ."

ನಾನು ಒಂದು ಇಡೀ ದಿನ ತೊಟ್ಟಿಯ ಪಕ್ಕ ಊದುಬತ್ತಿ ಹಚ್ಚಿಟ್ಟುಕೊಂಡು ಕೂತೆ. ಮಕ್ಕಳು ಕಿರುಚಿದವು, ದಬದಬ ಹಾರಿದವು. ಹೊಗೆ ನೆಟ್ಟಗೇ ಏರುತ್ತಿತ್ತು, ಹಿಟ್ಟೂ ಏರುತ್ತಿತ್ತು. ಆಮೇಲೆ ರಸ್ತೆಯಾಚೆ ಎಲೆ ತೂಕದ ಕೂಗು ಬಂತು. ತೂಕಕ್ಕೆ ಬಂದ ತಾಯಂದಿರೆಲ್ಲ ಒಂದೇ ಉಸಿರಿಗೆ ಓಣಿಗೆ ಓಡಿಬಂದರು. ಒಬ್ಬಳು ಹಾಲು ಕುಡಿಸಲು, ಒಬ್ಬಳು ಬರೀ ಮುಖ ನೋಡಲು. ಬಾಗಿಲು ತೆರೆದು ಮುಚ್ಚಿ, ತೆರೆದು ಮುಚ್ಚಿ, ಪ್ರತಿ ಸಲವೂ ಮಂಜು ಒಳಗೆ ಉರುಳಿ ಬರುತ್ತಿತ್ತು. ಹೊಗೆ ತೊಟ್ಟಿಯ ಮೇಲೆ ಅಡ್ಡ ಬಿದ್ದು ಹರಿಯಿತು. ಕೂಗು ಮತ್ತೆ ಬಂದಾಗಲೂ ಅದೇ. ಸಂಜೆ ಮುಚ್ಚಳ ತೆಗೆದರೆ ಹಿಟ್ಟು ಮುದುಡಿಕೊಂಡಿತ್ತು. ಹಿಟ್ಟಿಗೆ ತಾಕಿದ್ದು ಥಂಡಿ ಎಂದು ನನಗೆ ಖಾತ್ರಿಯಾಯಿತು.

ಉದಕಮಂಡಲಕ್ಕೆ ಎಸ್‌ಟಿಡಿ ಬೂತಿನಿಂದ ಫೋನು ಮಾಡಿದೆ. ನಮ್ಮ ಮೇಲಿನವರು ಸುಲಭದ ದಾರಿ ಹೇಳಿದರು. ತಾಯಂದಿರು ನಡುವೆ ಬರಕೂಡದೆಂದು ನಿಯಮ ಮಾಡಿ, ಬೆಳಿಗ್ಗೆ ಬಿಟ್ಟರೆ ಸಂಜೆಯೇ ಕರೆದೊಯ್ಯಲಿ. ಯಜಮಾನರೂ ಅದನ್ನೇ ಹೇಳಿದರು. ನಾನೂ ಒಪ್ಪುವುದರಲ್ಲಿದ್ದೆ. ಅಂದು ಮಧ್ಯಾಹ್ನ ಪ್ರಯತ್ನಕ್ಕೆಂದು ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದೆವು. ತೂಕದ ಕೂಗಾಯಿತು, ಹೆಂಗಸರು ಬಂದರು, ಬಾಗಿಲು ತಟ್ಟಿದರು. ಒಳಗೆ ಮಕ್ಕಳು ಆಟ ನಿಲ್ಲಿಸಿ ಬಾಗಿಲನ್ನೇ ನೋಡಿದವು. ಸುಟ್ಟ ಕೈಯ ಮಗುವಿಗೆ ಚಿಲಕದ ಸದ್ದು ಕೇಳಿದ್ದೇ ಮೈಯೆಲ್ಲ ಸೆಟೆಯಿತು. ಪಕ್ಕದಲ್ಲಿ ತಾಯಿ ಇದ್ದರೂ ಅದು ಎರಡೂ ಕೈಯಿಂದ ಬಾಗಿಲನ್ನು ಗುದ್ದತೊಡಗಿತು. ಹಿಂದಿನ ಮಳೆಗಾಲದಲ್ಲಿ ಅದು ಹಾಗೆಯೇ ಗುದ್ದಿರಬೇಕು, ಆಗ ತೆರೆಯಲು ಯಾರೂ ಇರಲಿಲ್ಲ. ಚಿಲಕ ಹಾಕಿದ ಕೋಣೆ ಎಷ್ಟೇ ಬೆಚ್ಚಗಿದ್ದರೂ ಅದು ಆಟದ ಜಾಗವಲ್ಲ ಎಂದು ಆ ಕ್ಷಣದಲ್ಲೇ ತೀರ್ಮಾನಿಸಿಬಿಟ್ಟೆ. ಚಿಲಕ ತೆಗೆದೆ.

ಉಳಿದಿದ್ದು ಒಂದೇ ದಾರಿ. ಓಣಿಯ ಬಾಗಿಲನ್ನು ಪೂರ್ತಿ ಮುಚ್ಚಿ ಕಂಬಳಿ ಹೊದಿಸುವುದು. ತಾಯಂದಿರೂ ಮಕ್ಕಳೂ ಬೇಕರಿಯ ಮುಂದಿನಿಂದ ಬಂದು, ಒಲೆಮನೆಯನ್ನು ಹಾದು, ಒಳಬಾಗಿಲಿನಿಂದ ಕೋಣೆಗೆ ಬರುವುದು. ಒಲೆಮನೆ ಬೆಚ್ಚಗಿರುವುದರಿಂದ ಆ ಬಾಗಿಲು ಎಷ್ಟು ಸಲ ತೆರೆದರೂ ಹಿಟ್ಟಿಗೆ ಬಾಧೆಯಿಲ್ಲ. ಆದರೆ ಒಲೆಮನೆಗೆ ಹೊರಗಿನವರು ಕಾಲಿಡುವಂತಿರಲಿಲ್ಲ. ಯಜಮಾನರು ಅಲ್ಲಿ ದೀಪ ಹಚ್ಚುತ್ತಿದ್ದರು, ತಮ್ಮ ವರ್ಕಿಯ ರುಚಿಯ ಗುಟ್ಟಾದ ಹುಳಿಹಿಟ್ಟಿನ ಮಡಕೆಯನ್ನು ಅಲ್ಲಿಯೇ ಬಟ್ಟೆ ಮುಚ್ಚಿ ಇಡುತ್ತಿದ್ದರು. ಬೇರೆ ಬೇಕರಿಯವರು ಹೊಸ್ತಿಲಲ್ಲೇ ಮಾತಾಡಿ ಹೋಗಬೇಕು.

"ಕೆಸರು ಕಾಲಲ್ಲಿ ಊರ ಹೆಂಗಸರೆಲ್ಲ ನನ್ ಒಲೆ ಮುಂದೆ ಮೆರವಣಿಗೆ ಹೋಗದಾ?" ಎಂದು ಅವರು ಕೆಂಡವಾದರು.

"ಆ ಗೋಡೆ ಕಾವು ಇಷ್ಟು ವರ್ಸ ಯಾರ್ಗೂ ಆಗ್ದೆ ಓಣಿಗೆ ಹೋಗ್ತಿತ್ತು. ಆಗ ಮಾತಾಡ್ನಿಲ್ಲ ನೀವು" ಎಂದರು ಅವರ ಹೆಂಡತಿ. "ಆ ಕೂಸು ಬಾಗ್ಲು ಗುದ್ದಿದ್ದು ನಂಗೆ ಅಡುಗೆಮನೆಗೆ ಕೇಳುಸ್ತು. ನಿಮ್ಗೆ ಕೇಳುಸ್ನಿಲ್ವಾ?"

ಮರುದಿನ ಬೆಳಿಗ್ಗೆ ಹೋದರೆ ಯಜಮಾನರೇ ಓಣಿಯ ಬಾಗಿಲಿಗೆ ಹಲಗೆ ಹೊಡೆದು ಕಂಬಳಿ ಜಡಿಯುತ್ತಿದ್ದರು. ಮುಂಬಾಗಿಲಲ್ಲಿ ಕಾಲು ತೊಳೆಯಲು ಒಂದು ಡ್ರಮ್ಮಿನಲ್ಲಿ ನೀರು. ಒಳಬಾಗಿಲ ಚಿಲಕವನ್ನು ನಾನು ಸ್ಕ್ರೂ ತಿರುಗಿಸಿ ಕಿತ್ತೇಹಾಕಿದೆ. ಹುಳಿಹಿಟ್ಟಿನ ಮಡಕೆ ಮಾತ್ರ ಅವರ ಮಂಚದ ಕೆಳಗೆ ಹೋಯಿತಂತೆ. ಗುಟ್ಟು ಗುಟ್ಟೇ ಇರಲಿ ಎಂದುಕೊಂಡೆ. ಅಂದು ಹಿಟ್ಟು ಮುಚ್ಚಳವನ್ನೇ ಎತ್ತುವಷ್ಟು ಉಬ್ಬಿತು.

ಆದರೆ ಓಣಿಯ ಬಾಗಿಲು ಮುಚ್ಚಿದ್ದರಿಂದ ಸುಟ್ಟ ಕೈಯ ಮಗುವಿನ ತಣ್ಣನೆಯ ಜಾಗ ಹೋಯಿತು. ಕೋಣೆಯ ತುಂಬ ಈಗ ಒಂದೇ ಬಿಸುಪು. ತಾಯಿ ಹೊದಿಕೆಯೊಳಗೆ ಮುಚ್ಚಿ ಒಲೆಮನೆ ದಾಟಿಸಿ ತಂದು ಇಳಿಸಿದಾಗ ಮಗು ನಡುವೆ ನಿಂತು, ಎಲ್ಲಿ ಹೋಗಬೇಕೆಂದು ತಿಳಿಯದೆ, ಅಳಲೂ ಮರೆತು ಸುತ್ತ ನೋಡಿತು. ಇಷ್ಟೆಲ್ಲ ಮಾಡಿ ಈ ಒಂದು ಕೂಸನ್ನೇ ಓಡಿಸಿದೆನಲ್ಲ ಎಂದು ನನಗೆ ಸಂಕಟವಾಯಿತು.

ಆಗ ನಮ್ಮಲ್ಲಿ ಯಾರೂ ಹೇಳಿಕೊಡದ ಒಂದು ಆಟ ಶುರುವಾಗಿತ್ತು. ಕಾಲು ತೊಳೆಯುವ ನೀರಿನಲ್ಲಿ ಬೆರಳು ಅದ್ದಿಕೊಂಡು ಬಂದ ಮಕ್ಕಳು ಒಲೆಯ ಗೋಡೆಯ ಮೇಲೆ ಗೀಚುತ್ತಿದ್ದವು. ಮಣ್ಣಿನ ಗೋಡೆಯಲ್ಲಿ ಒದ್ದೆ ಗೆರೆ ಕಪ್ಪಗೆ ಮೂಡುತ್ತದೆ. ಎಮ್ಮೆ, ಬಸ್ಸು, ಯಾವುದೋ ಸುರುಳಿ. ನೋಡುತ್ತಿದ್ದಂತೆಯೇ ಅಂಚಿನಿಂದ ಆರುತ್ತ, ಎಮ್ಮೆಯ ಕಾಲು ಹೋಗಿ, ಕೊಂಬು ಹೋಗಿ, ಗೋಡೆ ಮೊದಲಿನಂತಾಗುತ್ತದೆ. ಮತ್ತೆ ಗೀಚುವುದು. ಅಜ್ಜಿ ಒಂದು ಬಟ್ಟಲಲ್ಲಿ ನೀರು ತಂದು ಅಲ್ಲೇ ಇಟ್ಟರು. ನಾನೂ ನೋಡುತ್ತ ಕೂತುಬಿಟ್ಟೆ.

ಆ ಮಗುವೂ ನೋಡುತ್ತಿತ್ತು. ಒಂದು ಚಿತ್ರ ಮಾಯವಾದಾಗ ಒಂದು ಹೆಜ್ಜೆ ಮುಂದೆ ಬಂತು. ತಾಯಿಯನ್ನು ಕೇಳಿತು, "ಎಲ್ಲಿಗ ಹೋತು?" ತಾಯಿ ನನ್ನ ಕಡೆ ನೋಡಿದಳು. ಮಗು ಮರುದಿನ ಇನ್ನಷ್ಟು ಹತ್ತಿರ ಕೂತಿತು. ಅದರ ಮಾರನೆಯ ದಿನ ಪೊರಕೆಯ ಕಡ್ಡಿಯೊಂದನ್ನು ನೀರಿಗದ್ದಿ, ತೋಳು ಪೂರ್ತಿ ಚಾಚಿ, ದೂರದಿಂದಲೇ ಒಂದು ಗೆರೆ ಎಳೆದು ಹಿಂದೆ ಹಾರಿತು. ಗೆರೆ ಹೋಯಿತು. ಮತ್ತೆ ಎಳೆಯಿತು. ಅಜ್ಜಿ ಮಾತಾಡಲು ಬಾಯಿ ತೆರೆದರೆ ನಾನು ಸನ್ನೆ ಮಾಡಿ ತಡೆದೆ. ಕಡ್ಡಿ ದಿನದಿನಕ್ಕೆ ಮುರಿದು ಗಿಡ್ಡವಾಗುತ್ತ ಬಂತು.

ಒಂದು ಬೆಳಿಗ್ಗೆ ಮೇಸ್ತ್ರಿ ಬಾಗಿಲಿಗೇ ಬಂದ. "ಇವತ್ತು ಬಂದ್ರೆ ಬಾ, ಇಲ್ಲಾಂದ್ರೆ ಬೇಡ" ಎಂದು ತಾಯಿಗೆ ಹೇಳಿ ಹೋದ. ತಾಯಿ ಬುಟ್ಟಿ ಏರಿಸಿ ನಿಂತಳು. ಮಗು ಗೋಡೆಯ ಮುಂದಿತ್ತು. ಅದರ ಕಡ್ಡಿ ಪೂರ್ತಿ ಮುರಿದಿತ್ತು. ಒಂದು ಗಳಿಗೆ ಕೈಯಲ್ಲಿದ್ದ ಚೂರನ್ನು ನೋಡಿತು, ಆಮೇಲೆ ಎಡಗೈಯನ್ನು, ಆ ಸುಟ್ಟ ಕೈಯನ್ನೇ, ನೀರಿಗದ್ದಿ ಗೋಡೆಗೆ ಒತ್ತಿತು. ತಾಯಿಯ ಬಾಯಿಂದ ಸಣ್ಣ ಕೂಗು ಹೊರಟಿತು. ಮಗು ಕೈ ತೆಗೆಯಲಿಲ್ಲ. ತಿರುಗಿ ಅವಳನ್ನು ನೋಡಿ, ದೊಡ್ಡವರು ಚಿಕ್ಕವರಿಗೆ ಹೇಳುವ ಹಾಗೆ ಹೇಳಿತು:

"ಸುಡದು, ಅವ್ವೆ."

ಕೈ ತೆಗೆದಾಗ ಐದು ಪುಟ್ಟ ಬೆರಳು ಗೋಡೆಯಲ್ಲಿ ಮೂಡಿದ್ದವು. ಅವು ಆರುವುದಕ್ಕೆ ಮೊದಲೇ ಮತ್ತೊಂದು ಒತ್ತಲು ಅದಕ್ಕೆ ಅವಸರ. ತಾಯಿ ಒಲೆಮನೆಯ ಹೊಸ್ತಿಲವರೆಗೆ ಹೋಗಿ ನಿಂತಳು. ಕರೆಯುತ್ತದೆ, ಅಳುತ್ತದೆ ಎಂದು ಕಾದಳು. ಮಗು ಬೆನ್ನು ತಿರುಗಿಸಿಕೊಂಡೇ ನೀರಿನ ಬಟ್ಟಲಿಗೆ ಕೈ ಹಾಕಿತ್ತು. ತಾಯಿ ಒಲೆಯ ಮುಂದೆ ಹಾದು, ಯಜಮಾನರ ಎದುರಿಗೆ ಸೆರಗಿನಿಂದ ಮುಖ ಮುಚ್ಚಿಕೊಂಡು, ರಸ್ತೆ ದಾಟಿ ಎಲೆಗೆ ಹೋದಳು. ಆ ದಿನ ಅಲ್ಲಿ ಅತ್ತದ್ದು ಅವಳೊಬ್ಬಳೇ.